ಬಟವಾಡೆಯಿಂದ ಹೊರಟ ನೂರು ರೂಪಾಯಿ

ಹಾಲಿನ ಬಟವಾಡೆ ಆದ ವಾರವೇ ಊರಿಗೆ ಪಟ್ಟಿ ಎತ್ತುವವರು ಬರುತ್ತಾರೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಅಕ್ಕಂದಿರು ಇದನ್ನು ನಗುತ್ತಲೇ ಒಪ್ಪುತ್ತಾರೆ. ಗುಡಿಯ ಜೀರ್ಣೋದ್ಧಾರ, ಗಣಪತಿ, ಜಾತ್ರೆಯ ದಾಸೋಹ, ಯಾರದೋ ಮನೆಯ ಹುಡುಗನ ಆಪರೇಷನ್, ಎಲ್ಲೋ ದೂರದ ಅನಾಥಾಶ್ರಮದ ಹೆಸರಿನ ರಸೀದಿ ಪುಸ್ತಕ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಐವತ್ತೋ ನೂರೋ ಕೊಡುತ್ತೇವೆ. ಅದು ಹಿಂಡಿ ತರಲು ತೆಗೆದಿಟ್ಟ ಹಣವೂ ಆಗಿರಬಹುದು.

ಎಷ್ಟು ಲೀಟರ್ ಹಾಕಿದೆವು, ಫ್ಯಾಟ್ ಎಷ್ಟು ಬಂತು, ಪಶು ಆಹಾರಕ್ಕೆ ಎಷ್ಟು ಮುರಿದುಕೊಂಡರು ಎಂಬುದೆಲ್ಲ ಹಾಲಿನ ಪುಸ್ತಕದಲ್ಲಿದೆ. ಕೊಟ್ಟದ್ದರ ಲೆಕ್ಕ ಮಾತ್ರ ಎಲ್ಲಿಯೂ ಇಲ್ಲ. ಒಂದು ಮನೆಯಿಂದ ತಿಂಗಳಿಗೆ ಇನ್ನೂರು ರೂಪಾಯಿ ಹೋಗುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 2,400 ಆಯಿತು. ನೂರು ಮನೆಯ ಊರಿನಲ್ಲಿ ಅದು 2,40,000 ರೂಪಾಯಿ. ಎರಡು ಒಳ್ಳೆಯ ಎಮ್ಮೆ ಬರುವಷ್ಟು ಹಣ ಪ್ರತಿ ವರ್ಷ ಊರು ಬಿಟ್ಟು ಹೋಗುತ್ತದೆ, ಅಥವಾ ಊರಲ್ಲೇ ಎಲ್ಲೋ ಕರಗುತ್ತದೆ. ಮದುವೆಯಲ್ಲಿ ಮಾಡುವ ಆಯೇರಿಯನ್ನು ಇದರಲ್ಲಿ ಸೇರಿಸಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅವರ ಮನೆಯ ಮದುವೆಗೆ ತಿರುಗಿ ಕೊಡುವ ಹಣ ದಾನವಲ್ಲ, ಬಡ್ಡಿಯಿಲ್ಲದ ಸಾಲ. ಆ ಲೆಕ್ಕವನ್ನು ಎಲ್ಲರೂ ಚೆನ್ನಾಗಿಯೇ ಇಟ್ಟಿರುತ್ತಾರೆ!

ನಮ್ಮ ದೇಶದ ಮನೆಗಳು ಯಾರಿಗೆ ಕೊಡುತ್ತವೆ, ಎಷ್ಟು ಕೊಡುತ್ತವೆ ಎಂದು ಅಶೋಕ ವಿಶ್ವವಿದ್ಯಾಲಯದ ಒಂದು ಅಧ್ಯಯನ ಕೇಂದ್ರ ಲೆಕ್ಕ ಹಾಕಿದೆ. 2020ರ ಅಕ್ಟೋಬರಿನಿಂದ 2021ರ ಸೆಪ್ಟೆಂಬರ್‌ವರೆಗಿನ, ಅಂದರೆ ಕೊರೊನಾ ಕಾಲದ, ಒಂದು ವರ್ಷದ ಲೆಕ್ಕ ಅದು. ನೂರಕ್ಕೆ 87 ಮನೆಗಳು ಆ ವರ್ಷ ಏನಾದರೂ ಕೊಟ್ಟಿದ್ದವು. ಮನೆಗಳಿಂದ ಹೋದ ಹಣ ಒಟ್ಟು ಸುಮಾರು 23,700 ಕೋಟಿ ರೂಪಾಯಿ. ಅದರಲ್ಲಿ ಪ್ರತಿ ನೂರು ರೂಪಾಯಿಗೆ 64 ಧಾರ್ಮಿಕ ಸಂಸ್ಥೆಗಳಿಗೆ ಹೋಗಿದೆ, 12 ಭಿಕ್ಷುಕರಿಗೆ. ಉಳಿದದ್ದರಲ್ಲಿ ಬಂಧುಗಳು, ಸ್ನೇಹಿತರು, ಮನೆಗೆಲಸದವರು ಬರುತ್ತಾರೆ. ಧಾರ್ಮಿಕವಲ್ಲದ ಸೇವಾ ಸಂಸ್ಥೆಗಳಿಗೆ ಸಿಕ್ಕಿದ್ದು 5 ರೂಪಾಯಿ. ಇನ್ನೊಂದು ವಿಷಯವೂ ಅದರಲ್ಲಿತ್ತು. ಧಾರ್ಮಿಕ ಸಂಸ್ಥೆಗೆ, ಬಂಧುಬಳಗಕ್ಕೆ ಕೊಡುವ ತೀರ್ಮಾನದಲ್ಲಿ ಗಂಡಸರು ಮುಂದು. ಕೈಚಾಚಿ ಬಂದವರಿಗೆ, ಮನೆಗೆಲಸದವರಿಗೆ ಕೊಡುವುದರಲ್ಲಿ ಹೆಂಗಸರು ಮುಂದು. ದೊಡ್ಡ ರಸೀದಿ ಅವರ ಹೆಸರಿಗೆ, ಚಿಲ್ಲರೆ ನಮ್ಮ ಕೈಯಿಂದ ಎಂದು ಬೇಕಾದರೆ ಓದಿಕೊಳ್ಳಬಹುದು.

ಗುಡಿಗೆ, ಮಠಕ್ಕೆ ಕೊಡುವುದು ತಪ್ಪು ಎಂದು ಈ ಅಂಕಿಗಳನ್ನು ಹಿಡಿದು ಹೇಳುವವರಿದ್ದಾರೆ. ನಮ್ಮ ಕಡೆ ಆ ಮಾತು ಅಷ್ಟು ಸಲೀಸಾಗಿ ಒಪ್ಪುವಂಥದ್ದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಉಂಡು, ಮಲಗಿ, ಸಂಗೀತ ಕಲಿತದ್ದು ಊರೂರಿನ ಜನರ ಕಾಳುಕಡಿಯಿಂದ. ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿಕೊಂಡು ತಿರುಗಿದ್ದು, ಭಕ್ತರು ಮಾಡಿದ ತುಲಾಭಾರದ ಹಣವನ್ನು ತಂದು ಸುರಿದದ್ದು ಆ ಮಕ್ಕಳ ಅನ್ನಕ್ಕೇ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಹುಡುಗರು ಜಾತಿಯ ಹಂಗಿಲ್ಲದೆ ಉಂಡು ಓದಿದ್ದು ರೈತರು ಕೊಟ್ಟ ರಾಗಿ, ಅಕ್ಕಿಯ ಮೇಲೆ. ಇವೆಲ್ಲ ಸಮೀಕ್ಷೆಯಲ್ಲಿ ‘ಧಾರ್ಮಿಕ’ ಎಂಬ ಒಂದೇ ಚೀಲಕ್ಕೆ ಬೀಳುತ್ತವೆ. ಪ್ರಶ್ನೆ ಗುಡಿಯೋ ಶಾಲೆಯೋ ಎಂಬುದಲ್ಲ. ಕೊಟ್ಟದ್ದು ಮುಟ್ಟಿತೋ ಇಲ್ಲವೋ, ಅದನ್ನು ಕೇಳುವ ರೂಢಿ ನಮಗಿದೆಯೋ ಇಲ್ಲವೋ ಎಂಬುದು.

ಕೇಳುವುದೆಂದರೆ ನಮಗೆ ಸಂಕೋಚ. ದಾನ ಕೊಟ್ಟ ಮೇಲೆ ಕೇಳಬಾರದು, ಕೇಳಿದರೆ ಪುಣ್ಯ ಹೋಗುತ್ತದೆ ಎಂಬ ಮಾತನ್ನು ಅಜ್ಜಿಯಿಂದ ಕೇಳಿ ಬೆಳೆದಿದ್ದೇವೆ. ಆದರೆ ದಿನಕ್ಕೆ ಎರಡು ಹೊತ್ತು ಡೇರಿಯಲ್ಲಿ ನಾವು ಮಾಡುವುದೇನು? ಕ್ಯಾನು ಕೊಟ್ಟವಳು ಪಕ್ಕದ ಮನೆಯ ಸೊಸೆ, ಅಳೆಯುವವಳು ನಮ್ಮ ಓಣಿಯ ಹುಡುಗಿ. ಆದರೂ ಹಾಲು ಅಳತೆಗೆ ಹೋಗುತ್ತದೆ, ಮಾದರಿ ತೆಗೆಯುತ್ತಾರೆ, ಫ್ಯಾಟ್, ಎಸ್‌ಎನ್‌ಎಫ್ ಬರುತ್ತದೆ, ಚೀಟಿ ಕೈಗೆ ಬರುತ್ತದೆ. ಅದನ್ನು ಯಾರೂ ಅಪಮಾನ ಎಂದುಕೊಳ್ಳುವುದಿಲ್ಲ. ಸಂಘ ಇಷ್ಟು ವರ್ಷ ನಿಂತಿರುವುದೇ ಆ ಚೀಟಿಯ ಮೇಲೆ. ನೂರು ರೂಪಾಯಿ ಕೊಡುವಾಗಲೂ ಒಂದು ಚೀಟಿ ಕೇಳಿದರೆ ಪುಣ್ಯಕ್ಕೇನೂ ಮುಕ್ಕಾಗದು.

ಹಾಗಾದರೆ ಕೇಳಬೇಕಾದ್ದೇನು? ಊರಿನದೇ ಪಟ್ಟಿಯಾದರೆ ಸುಲಭ: ಜಾತ್ರೆ ಮುಗಿದ ಮೇಲೆ ಜಮಾ ಖರ್ಚನ್ನು ಗುಡಿಯ ಗೋಡೆಗೆ ಅಂಟಿಸಲಿ. ಇದನ್ನು ಮಾಡುವ ಊರುಗಳಿವೆ, ಅಲ್ಲಿ ಮರುವರ್ಷ ಪಟ್ಟಿ ಬೇಗ ಕೂಡುತ್ತದೆ. ಹೊರಗಿನಿಂದ ಬಂದವರಾದರೆ ಸಂಸ್ಥೆಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರುವ ರಸೀದಿ ಬೇಕು. ರಸೀದಿಯ ಮೇಲೆ 80ಜಿ ಎಂದು ಬರೆದಿದ್ದರೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಉಂಟು ಎಂದರ್ಥ; ಸಂಸ್ಥೆ ಒಳ್ಳೆಯದು ಎಂಬ ಸರ್ಟಿಫಿಕೇಟ್ ಅದಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದರೆ ನೀತಿ ಆಯೋಗದ ‘ದರ್ಪಣ್’ ತಾಣದಲ್ಲಿ ಆ ಸಂಸ್ಥೆಯ ಹೆಸರನ್ನು ಎರಡು ನಿಮಿಷದಲ್ಲಿ ಹುಡುಕಿ ಹೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಮಲಗಿದ ಮಗುವಿನ ಫೋಟೊ, ಕೆಳಗೊಂದು ಫೋನ್ ನಂಬರ್, ಅದಕ್ಕೆ ಹಣ ಹಾಕಿ ಎಂಬ ಮಾತು: ಇದಕ್ಕೆ ಮಾತ್ರ ಕಣ್ಣು ಮುಚ್ಚಿ ಹಣ ಹಾಕಬೇಡಿ. ಸಹಾಯ ಮಾಡಲೇಬೇಕೆಂದರೆ ಮಗು ಯಾವ ದವಾಖಾನೆಯಲ್ಲಿದೆ ಎಂದು ಕೇಳಿ, ಆ ದವಾಖಾನೆಯ ಖಾತೆಗೇ ಹಾಕಬಹುದು.

ಪಟ್ಟಿಯಿಂದ ಪಾಲಿಗೆ

ದವಾಖಾನೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹಳ್ಳಿಯಲ್ಲಿ ಮನಸ್ಸು ಕರಗಿಸುವ ಪಟ್ಟಿ ಎಂದರೆ ಆಪರೇಷನ್ನಿನ ಪಟ್ಟಿ. ಆದರೆ ಅದರಲ್ಲಿ ಒಂದು ಅನ್ಯಾಯವಿದೆ. ದೊಡ್ಡ ಬಳಗ ಇರುವವರಿಗೆ ಹಣ ಕೂಡುತ್ತದೆ. ಹೊಸದಾಗಿ ಬಂದು ನೆಲೆಸಿದವರಿಗೆ, ಗಂಡನಿಲ್ಲದವಳಿಗೆ, ಊರ ಹಿರಿಯರ ಜೊತೆ ಮಾತು ಬಿಟ್ಟವರಿಗೆ ಕೂಡುವುದಿಲ್ಲ. ನೋವು ಒಂದೇ ಆದರೂ ಸಿಗುವ ಹಣ ಒಂದೇ ಅಲ್ಲ.

2003ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಯಶಸ್ವಿನಿ ಯೋಜನೆ ಇದಕ್ಕೆ ಕೊಟ್ಟ ಉತ್ತರ ಬಹಳ ಸರಳವಾಗಿತ್ತು. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಡುವುದು, ಸರ್ಕಾರ ತನ್ನ ಪಾಲು ಸೇರಿಸುವುದು, ಕಾಯಿಲೆ ಬಿದ್ದಾಗ ಶಸ್ತ್ರಚಿಕಿತ್ಸೆಯ ಖರ್ಚನ್ನು ಅದರಿಂದ ಕೊಡುವುದು. ಐದು ರೂಪಾಯಿ ಎಂದರೆ ಆಗ ಗುಡಿಯ ಹುಂಡಿಗೆ ಹಾಕುವ ಹಣವೇ. ಆದರೆ ಇದರ ಲೆಕ್ಕ ಬರೆದಿತ್ತು, ಪಡೆಯುವವನು ಯಾರ ಮುಂದೆಯೂ ಕೈ ಚಾಚಬೇಕಾಗಿರಲಿಲ್ಲ. ನಡುವೆ ನಿಂತುಹೋಗಿದ್ದ ಯೋಜನೆಯನ್ನು 2022ರ ಕೊನೆಯಲ್ಲಿ ಸರ್ಕಾರ ಮತ್ತೆ ತಂದಿತು. ಆಗ ನಿಗದಿಯಾದದ್ದು ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ. ಹಾಲು ಉತ್ಪಾದಕರ ಸಂಘದ ಸದಸ್ಯರೂ ಇದಕ್ಕೆ ಸೇರಬಹುದು. ಹೆಸರು ಬರೆಸಲು ವರ್ಷದಲ್ಲಿ ಇಂತಿಷ್ಟೇ ದಿನ ಅವಕಾಶ ಇರುತ್ತದೆ. ಈ ವರ್ಷದ ದಿನಾಂಕ, ಶುಲ್ಕ ಯಾವುದು ಎಂದು ಕಾರ್ಯದರ್ಶಿಯನ್ನು ಇಂದೇ ಕೇಳಿ. ಬಾಗಿಲಿಗೆ ಬಂದ ಐದು ರಸೀದಿ ಪುಸ್ತಕಗಳಿಗೆ ಕೊಟ್ಟ ಹಣ ಅದು.

ಪಟ್ಟಿ ಪಾಲಾಗಿ ಬದಲಾದ ದೊಡ್ಡ ಕತೆ ಎಂದರೆ ನಮ್ಮ ಹಾಲಿನದೇ. ಇದು ನಮ್ಮ ಎಷ್ಟೋ ಸದಸ್ಯೆಯರಿಗೆ ತಿಳಿದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1960ರ ದಶಕದ ಕೊನೆಯಲ್ಲಿ ಯುರೋಪಿನ ದೇಶಗಳಲ್ಲಿ ಹಾಲಿನ ಪುಡಿ, ಬೆಣ್ಣೆ ಗುಡ್ಡದ ಹಾಗೆ ಬಿದ್ದಿತ್ತು. ತಿನ್ನುವವರಿಲ್ಲ, ಇಡಲು ಜಾಗವಿಲ್ಲ. ಬಡ ದೇಶಗಳಿಗೆ ದಾನ ಕೊಟ್ಟರೆ ಅವರಿಗೆ ಹೊರೆ ಇಳಿಯುತ್ತದೆ, ನಮಗೆ ಹಾಲು ಸಿಗುತ್ತದೆ. ಕೇಳಲು ಎಷ್ಟು ಚೆಂದ! ಗುಜರಾತಿನ ಆಣಂದದಲ್ಲಿ ರೈತರ ಜೊತೆ ಅಮುಲ್ ಕಟ್ಟಿದ್ದ ಡಾ. ವರ್ಗೀಸ್ ಕುರಿಯನ್ ಇದರ ಇನ್ನೊಂದು ಮುಖ ನೋಡಿದರು. ಪುಕ್ಕಟೆ ಪುಡಿ ಮುಂಬಯಿ, ದಿಲ್ಲಿಯ ಪೇಟೆಗೆ ಬಂದು ಬಿದ್ದರೆ ಹಳ್ಳಿಯ ಹಾಲನ್ನು ಯಾರು ಕೊಳ್ಳುತ್ತಾರೆ? ಎರಡು ವರ್ಷ ಪುಕ್ಕಟೆ ಹಾಲು ಕುಡಿಸಿ ದಾನಿಗಳು ಹೋದ ಮೇಲೆ ಎಮ್ಮೆ ಮಾರಿ ಕುಳಿತ ರೈತ ಏನು ಮಾಡಬೇಕು?

ಅವರು ದಾನ ಬೇಡ ಎನ್ನಲಿಲ್ಲ. ಹಂಚುವುದು ಬೇಡ ಎಂದರು. ಬಂದ ಪುಡಿ ಮತ್ತು ಬೆಣ್ಣೆಯೆಣ್ಣೆಯನ್ನು ನಗರದ ಡೇರಿಗಳಲ್ಲಿ ಕಲಸಿ ಹಾಲು ಮಾಡಿ, ಸ್ಥಳೀಯ ಹಾಲಿನ ದರ ಬೀಳದಂತೆ ಬೆಲೆಗೆ ಮಾರಿದರು. ಆ ಹಣವನ್ನು ಹಳ್ಳಿಯ ಸಂಘಗಳಿಗೆ, ಶೀತಲೀಕರಣ ಕೇಂದ್ರಗಳಿಗೆ, ಕೃತಕ ಗರ್ಭಧಾರಣೆಗೆ, ಟ್ಯಾಂಕರುಗಳಿಗೆ ಹಾಕಿದರು. 1970ರಲ್ಲಿ ಶುರುವಾದ ಆಪರೇಷನ್ ಫ್ಲಡ್‌ನ ಮೊದಲ ಹಂತದ ಬಂಡವಾಳ ಹೀಗೆ ಬಂದದ್ದು. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 1970ರ ದಶಕದ ನಡುವೆ ಹೈನುಗಾರಿಕೆ ಅಭಿವೃದ್ಧಿ ನಿಗಮ ಬಂತು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. 1998ರ ಹೊತ್ತಿಗೆ ಭಾರತ ಹಾಲಿನ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲಾಯಿತು. ಅಂದು ಆ ಪುಡಿಯನ್ನು ಹಾಗೆಯೇ ಹಂಚಿದ್ದರೆ ಕೊಟ್ಟವರ ಫೋಟೊ ಚೆನ್ನಾಗಿ ಬರುತ್ತಿತ್ತು. ನಿಮ್ಮ ಊರಲ್ಲಿ ಡೇರಿ ಇರುತ್ತಿತ್ತೋ ಇಲ್ಲವೋ.

ಇದರ ಜೊತೆ 2020ರ ಏಪ್ರಿಲ್ ನೆನಪಿಸಿಕೊಳ್ಳಿ. ಲಾಕ್‌ಡೌನಿನಲ್ಲಿ ಹೋಟೆಲು, ಮದುವೆ ಎಲ್ಲ ನಿಂತು ಹಾಲು ಉಳಿಯತೊಡಗಿತ್ತು. ಸರ್ಕಾರ ಮಹಾಮಂಡಳದಿಂದ ಹಾಲನ್ನು ಬೆಲೆ ಕೊಟ್ಟು ಕೊಂಡು ಬಡವರ ಬಡಾವಣೆಗಳಲ್ಲಿ ಉಚಿತವಾಗಿ ಹಂಚಿತು. ಕುಡಿದ ಮಗುವಿಗೆ ಅದು ದಾನ, ಕರೆದ ತಾಯಿಗೆ ಅದು ಬಟವಾಡೆ. ದಾನ ಮಾಡುವ ರೀತಿ ಹೀಗೂ ಇರುತ್ತದೆ.

ಲೆಕ್ಕಕ್ಕೆ ಬಾರದ ಕೈಗಳು

ಹಣದ ಮಾತು ಇಷ್ಟಾಯಿತು. ಹೊತ್ತು ಕೊಡುವುದೂ ಒಂದು ದಾನ, ಅದನ್ನು ನೋಡಲು ಕುಳಗಿಯಂಥ ಊರಿನ ಕಡೆ ಬರಬೇಕು. ದಾಂಡೇಲಿಯಿಂದ ಅಂಬಿಕಾನಗರದ ಕಡೆ ಹೋಗುವ ಹಾದಿಯಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿದೆ ಕುಳಗಿ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇಲ್ಲಿರುವುದರಿಂದ ಹಕ್ಕಿ ನೋಡುವವರು, ಶಾಲಾ ಮಕ್ಕಳು, ಪೇಟೆಯ ಜನ ಬರುತ್ತಿರುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಗೆ ನಮ್ಮ ರಾಜ್ಯದ ಕಾಡುಗಳಲ್ಲಿ ಹೊರಗಿನ ಸ್ವಯಂಸೇವಕರನ್ನು ಸೇರಿಸಿಕೊಂಡದ್ದೂ ಉಂಟು. ರಜೆ ಹಾಕಿ ಬಂದು, ಸಿಬ್ಬಂದಿಯ ಜೊತೆ ಕಾಡು ಸುತ್ತಿ, ಹೆಜ್ಜೆಗುರುತು ಬರೆದುಕೊಂಡು ಹೋಗುವವರು ಅವರು. ಒಳ್ಳೆಯ ಕೆಲಸವೇ.

ಅದೇ ಕಾಡಂಚಿನ ಹಳ್ಳಿಗಳಲ್ಲಿ ರಾತ್ರಿ ಪಕ್ಕದ ಮನೆಯ ಎಮ್ಮೆ ಕರು ಹಾಕಲು ತ್ರಾಸು ಪಡುತ್ತಿದ್ದರೆ ಡಾಕ್ಟರು ಬರುವ ತನಕ ಬ್ಯಾಟರಿ ಹಿಡಿದು ಕೂರುವವಳಿದ್ದಾಳೆ. ಬಾಣಂತಿ ಮನೆಯ ಹಾಲನ್ನು ತನ್ನ ಕ್ಯಾನಿನ ಜೊತೆ ಡೇರಿಗೆ ಮುಟ್ಟಿಸುವವಳಿದ್ದಾಳೆ. ಯಾರೋ ಧಾರವಾಡದ ದವಾಖಾನೆಗೆ ಹೋಗಿ ಎಂಟು ದಿನ ಉಳಿದರೆ ಅವರ ದನಕ್ಕೆ ಹುಲ್ಲು ಹಾಕಿ, ನೀರು ಕುಡಿಸಿ, ಹಿಂಡಿ ಬರುವವಳಿದ್ದಾಳೆ. ಇವಳನ್ನು ಯಾರೂ ಸ್ವಯಂಸೇವಕಿ ಎನ್ನುವುದಿಲ್ಲ, ಸ್ವತಃ ಅವಳೂ ಎನ್ನುವುದಿಲ್ಲ.

ಇಂಗ್ಲೆಂಡಿನ ಒಂದು ಸಂಸ್ಥೆ ಬಹಳ ವರ್ಷ ‘ವಿಶ್ವ ದಾನ ಸೂಚ್ಯಂಕ’ ಎಂಬ ವರದಿ ತಂದಿದೆ. ಜಗತ್ತಿನ ಊರೂರಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ: ಕಳೆದ ತಿಂಗಳಲ್ಲಿ ಗೊತ್ತಿಲ್ಲದ ಒಬ್ಬರಿಗೆ ಸಹಾಯ ಮಾಡಿದಿರಾ, ಹಣ ಕೊಟ್ಟಿರಾ, ಯಾವುದಾದರೂ ಸಂಸ್ಥೆಗಾಗಿ ನಿಮ್ಮ ಹೊತ್ತು ಕೊಟ್ಟಿರಾ. 2015, 2016, 2017ರಲ್ಲಿ ಮೊದಲ ಸ್ಥಾನ ಬಂದದ್ದು ಯಾವ ಶ್ರೀಮಂತ ದೇಶಕ್ಕೂ ಅಲ್ಲ, ಮ್ಯಾನ್ಮಾರ್‌ಗೆ. ಅಲ್ಲಿ ಬೆಳಿಗ್ಗೆ ಭಿಕ್ಷುಗಳ ಪಾತ್ರೆಗೆ ಅನ್ನ ಹಾಕುವುದು ಮನೆಮನೆಯ ರೂಢಿ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಬೌದ್ಧ ಮಠಗಳನ್ನು ನೋಡಿದವರಿಗೆ ಇದು ಅಷ್ಟು ದೂರದ ಮಾತಾಗಿ ಕೇಳದು. ಆಮೇಲೆ ಇಂಡೋನೇಷ್ಯಾ ಮುಂದೆ ಬಂತು. 2024ರ ವರದಿಯಲ್ಲಿ ಅಲ್ಲಿನ ನೂರಕ್ಕೆ 90 ಜನ ಹಣ ಕೊಟ್ಟವರು, 65 ಜನ ಹೊತ್ತು ಕೊಟ್ಟವರು. 2021ರ ವರದಿಯಲ್ಲಿ 114 ದೇಶಗಳ ನಡುವೆ ಭಾರತ 14ನೆಯದಾಗಿತ್ತು. ಆದರೆ ಮೂರನೆಯ ಪ್ರಶ್ನೆಯಲ್ಲಿ ‘ಸಂಸ್ಥೆ’ ಎಂಬ ಮಾತಿದೆಯಲ್ಲ, ಅಲ್ಲಿ ನಮ್ಮ ಅಕ್ಕಂದಿರ ಉತ್ತರ ಜಾರಿಹೋಗುತ್ತದೆ. ಪಕ್ಕದ ಮನೆಯ ಎಮ್ಮೆ ಯಾವ ಸಂಸ್ಥೆ?

ಇನ್ನೊಂದು ಬೇಸರದ ಮಾತು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಲಕ್ಷಗಟ್ಟಲೆ ರೊಟ್ಟಿ ಬಡಿದು ಕಳಿಸುತ್ತಾರೆ. ಆ ದಾಸೋಹವನ್ನು ನೋಡಿದವರು ಮರೆಯುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಜಾತ್ರೆ ಕಮಿಟಿಯ ಹೆಸರಿನ ಫಲಕ ಓದಿ ನೋಡಿ, ರೊಟ್ಟಿ ಬಡಿದವರ ಹೆಸರು ಎಷ್ಟಿದೆ? ಒಲೆಯ ಮುಂದೆ ನಾವು, ವೇದಿಕೆಯ ಮೇಲೆ ಅವರು. ಯಾವ ದಿನ ಎಷ್ಟು ಜನಕ್ಕೆ ಮಾಡಬೇಕು ಎಂದು ತೀರ್ಮಾನಿಸುವ ಸಭೆಗೆ ಹಿಟ್ಟು ನಾದುವವರನ್ನೇ ಕರೆಯದಿದ್ದರೆ ಅದು ಸೇವೆಯಲ್ಲ, ಬಿಟ್ಟಿ ದುಡಿಮೆ.

ಅಡುಗೆಮನೆಯ ತಿಳಿವಳಿಕೆ ಎಷ್ಟು ಬೇಕಾಗುತ್ತದೆ ಎಂಬುದು 2019ರ ಆಗಸ್ಟ್ ನೆರೆಯಲ್ಲಿ ಕಂಡಿತು. ಬೆಳಗಾವಿ, ಬಾಗಲಕೋಟೆ, ಧಾರವಾಡ, ನಮ್ಮ ಜಿಲ್ಲೆ ಎಲ್ಲ ಕಡೆ ನೀರು ನುಗ್ಗಿದಾಗ ಎಲ್ಲೆಲ್ಲಿಂದಲೋ ಹಳೆಯ ಬಟ್ಟೆಯ ಗಂಟುಗಳು ಬಂದವು. ಹರಿದದ್ದು, ತೊಡಲಾಗದ್ದು ಪರಿಹಾರ ಕೇಂದ್ರಗಳಲ್ಲಿ ರಾಶಿಯಾಗಿ ಬಿತ್ತು. ಅದೇ ಹೊತ್ತಿನಲ್ಲಿ ಹಳ್ಳಿಗಳಿಂದ ಹೋದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಒಂದೂ ಹಾಳಾಗಲಿಲ್ಲ. ಒಲೆಯಿಲ್ಲದೆ ತಿನ್ನಬಹುದು, ವಾರ ಇಟ್ಟರೂ ಕೆಡದು ಎಂದು ಬಡಿದವರಿಗೆ ಗೊತ್ತಿತ್ತು. ದನಕ್ಕೆ ಕಣಿಕೆ, ಒಣಹುಲ್ಲು ಕಳಿಸಿದ್ದೂ ರೈತರೇ. ಮನುಷ್ಯರಿಗೆ ಬಿಸ್ಕತ್ತು ಕಳಿಸಿದ ಪೇಟೆಗೆ ದನದ ಹಸಿವು ಹೊಳೆಯುವುದು ಕಷ್ಟ.

ಕೊಪ್ಪಳ ತಾಲ್ಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ಅವರ ಹೆಸರು ನೀವು ಕೇಳಿರಬಹುದು. ಮಕ್ಕಳಿಲ್ಲದ ಆ ತಾಯಿ ತಮಗಿದ್ದ ಎರಡು ಎಕರೆ ಹೊಲವನ್ನು ಊರಿನ ಸರ್ಕಾರಿ ಶಾಲೆಗೆ ಕೊಟ್ಟರು. ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡು ಬದುಕಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಕೊಟ್ಟ ಹೊಲದಲ್ಲಿ ಏನಾಯಿತು ಎಂದು ಅವರು ಯಾರನ್ನೂ ಕೇಳಬೇಕಿರಲಿಲ್ಲ, ಮಕ್ಕಳ ತಟ್ಟೆಗೆ ತಾವೇ ಬಡಿಸುತ್ತಿದ್ದರು.

ಜಾಗ ಕೊಡುವವರು ಒಂದು ವಿಷಯ ತಿಳಿದಿರಬೇಕು. ಸ್ಥಿರಾಸ್ತಿಯ ದಾನ ಬಾಯಿಮಾತಿನಿಂದ ಆಗುವುದಿಲ್ಲ. ದಾನಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ ಮಾತ್ರ ಕಾನೂನಿನಲ್ಲಿ ನಿಲ್ಲುತ್ತದೆ. ಅಂಗನವಾಡಿಗೆ, ಗುಡಿಗೆ, ಡೇರಿ ಕಟ್ಟಡಕ್ಕೆ ಹಿರಿಯರು ಮಾತಿನಲ್ಲಿ ಕೊಟ್ಟ ಜಾಗ ಮೊಮ್ಮಕ್ಕಳ ಕಾಲಕ್ಕೆ ಕೋರ್ಟಿಗೆ ಹೋಗುವುದುಂಟು. ನಿಮ್ಮ ಸಂಘದ ಕಟ್ಟಡ ಯಾರೋ ಕೊಟ್ಟ ಜಾಗದಲ್ಲಿದ್ದರೆ ಕಾಗದ ಎಲ್ಲಿದೆ ಎಂದು ಒಮ್ಮೆ ನೋಡಿಸಿ. ಕೊಟ್ಟ ಕುಟುಂಬದ ಹಿರಿಯರು ಇರುವಾಗಲೇ ಆ ಕೆಲಸ ಮುಗಿದರೆ ಇಬ್ಬರಿಗೂ ನೆಮ್ಮದಿ.

ಕೊನೆಗೆ, ಈ ವರ್ಷವೇ ಮಾಡಬಹುದಾದ ಒಂದು ಕೆಲಸ. ಸಂಘದ ನಿವ್ವಳ ಲಾಭದಲ್ಲಿ ನೂರಕ್ಕೆ 25 ಭಾಗ ಆಪದ್ಧನಕ್ಕೆ ಹೋಗುತ್ತದೆ, ಉಳಿದದ್ದರಲ್ಲಿ ಬೋನಸ್ಸು, ಡಿವಿಡೆಂಡ್, ಬೇರೆ ಬೇರೆ ನಿಧಿಗಳು. ವಾರ್ಷಿಕ ವರದಿಯ ಆ ಪುಟದಲ್ಲಿ ದಾನಧರ್ಮಕ್ಕೆ ಎಂದು ತೆಗೆದಿಟ್ಟ ಸಾಲು ಇದೆಯೇ ಎಂದು ಬೆರಳಿಟ್ಟು ಹುಡುಕಿ. ಇದ್ದರೆ ಹೋದ ವರ್ಷ ಅದು ಯಾರಿಗೆ ಹೋಯಿತು ಎಂದು ಕೇಳಿ. ಪೆಂಡಾಲಿಗೆ ಹೋಯಿತೋ, ಕರು ಸತ್ತು ಹಾಲು ನಿಂತ ಸದಸ್ಯೆಗೆ ಹೋಯಿತೋ, ಹತ್ತನೆಯ ತರಗತಿ ಪಾಸಾದ ಮಗಳ ಫೀಸಿಗೆ ಹೋಯಿತೋ. ಮುಂದಿನ ವರ್ಷ ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುವ ಹಕ್ಕು ಷೇರು ಇರುವ ಪ್ರತಿಯೊಬ್ಬಳಿಗೂ ಇದೆ. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಸಂಜೆಯ ಹಾಲು ಹಾಕುವ ಹೊತ್ತಿಗೆ ಸಭೆ ಇಟ್ಟಿದ್ದರೆ ಹೊತ್ತು ಬದಲಿಸಲು ಈಗಲೇ ಹೇಳಿಡಿ.